ಸೌಟಿನ ಹಿಡಿಯಿಂದ ಬಾಯಿಗೆ: ವಿಹಾರದ ಹಡಗಿನಲ್ಲಿ ಕಾಯಿಲೆ ಹರಡುವ ಬಗೆ

ಸಾಗರ, ಹೊಸನಗರದ ಕಡೆಯವರಿಗೆ ಬಹುಕಾಲ ಹಡಗು ಎಂದರೆ ಶರಾವತಿಯ ಹಿನ್ನೀರಿನಲ್ಲಿ ಹೊಳೆಬಾಗಿಲಿನಿಂದ ಕಳಸವಳ್ಳಿಗೆ ದಾಟಿಸುತ್ತಿದ್ದ ಲಾಂಚು ಮಾತ್ರವಾಗಿತ್ತು. 2025ರ ಜುಲೈನಲ್ಲಿ ಅಲ್ಲಿಗೆ ಸೇತುವೆ ಬಂತು. ಇತ್ತ, ಅಡಿಕೆ ಕೊಯ್ಲು ಮುಗಿಸಿ ಮುಂಬಯಿಗೋ ಸಿಂಗಪುರಕ್ಕೋ ಹೋಗಿ ಅಲ್ಲಿಂದ ವಿಹಾರದ ಹಡಗು ಹತ್ತುವ ಮಲೆನಾಡಿನ ಕುಟುಂಬಗಳು ಈಗ ಅಪರೂಪವೇನಲ್ಲ. ಹೀಗೆ ಹೊರಡುವವರಲ್ಲಿ ನಿವೃತ್ತರು, ಅರವತ್ತು ದಾಟಿದವರು, ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ದಿನವೂ ಮಾತ್ರೆ ನುಂಗುವವರು ಬಹಳ. ಅವರ ಔಷಧದ ಚೀಲ ಬಿಚ್ಚಿ ನೋಡಿದರೆ ಎಲ್ಲಕ್ಕಿಂತ ಮೇಲೆ ಕಾಣಿಸುವುದು ವಾಂತಿಯ ಮಾತ್ರೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆ ಹಾಕಿ ಕೂತ ಅನುಭವ ಎಲ್ಲರಿಗೂ ಇರುವುದರಿಂದ, ಹಡಗಿನಲ್ಲಿ ಬರುವ ಕಾಯಿಲೆಯೂ ಅದೇ ಜಾತಿಯದು, ಅಲೆಯ ಹೊಯ್ದಾಟದಿಂದ ಬರುವಂಥದು ಎಂದು ನಾವು ಭಾವಿಸಿಬಿಡುತ್ತೇವೆ. ಆದರೆ ಪ್ರವಾಸದ ನಡುವೆ ಜನರನ್ನು ಗುಂಪುಗುಂಪಾಗಿ ಮಲಗಿಸುವ ಕಾಯಿಲೆ ಸಮುದ್ರದಿಂದ ಬರುವುದಿಲ್ಲ. ಅದು ಸಹಪ್ರಯಾಣಿಕರ ಕೈಯಿಂದ ಬರುತ್ತದೆ.

ಅಲೆಯ ವಾಂತಿಯ ವಿಷಯವನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದು ಸರಳ. ನಮ್ಮ ಒಳಕಿವಿಯಲ್ಲಿ ದೇಹದ ಸಮತೋಲನವನ್ನು ಗ್ರಹಿಸುವ ಅಂಗವಿದೆ. ಹಡಗು ಓಲಾಡುತ್ತಿದೆ ಎಂದು ಅದು ಮಿದುಳಿಗೆ ತಿಳಿಸುತ್ತಿರುವಾಗ, ಕೋಣೆಯೊಳಗೆ ಕೂತ ಕಣ್ಣು ಗೋಡೆ, ಮೇಜು ಎಲ್ಲವೂ ಅಲುಗದೆ ನಿಂತಿವೆ ಎನ್ನುತ್ತದೆ. ಈ ಎರಡು ಸುದ್ದಿಗಳು ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಹೊರಗೆ ಬಂದು ದೂರದ ದಿಗಂತವನ್ನು ನೋಡುವುದು, ಪುಸ್ತಕವನ್ನೂ ಫೋನನ್ನೂ ಬದಿಗಿಡುವುದು, ಓಲಾಟ ಕಡಿಮೆಯಿರುವ ನಡುಭಾಗದ ಕೆಳ ಅಂತಸ್ತಿನಲ್ಲಿ ಕೋಣೆ ಹಿಡಿಯುವುದು ಉಪಯೋಗಕ್ಕೆ ಬರುತ್ತವೆ. ವಾಂತಿಯ ಮಾತ್ರೆಯನ್ನು ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗುವುದಕ್ಕಿಂತ ಮುಂಚಿತವಾಗಿ ನುಂಗಬೇಕು. ಅದು ಮಂಪರು ತರುತ್ತದೆ, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರಂತೂ ವೈದ್ಯರನ್ನು ಕೇಳದೆ ನುಂಗಬಾರದು. ಶುಂಠಿ ಕೆಲವರಿಗೆ ಸ್ವಲ್ಪ ಮಟ್ಟಿಗೆ ಒಗ್ಗುತ್ತದೆ, ಮತ್ತು ನಮ್ಮ ಕಡೆ ಅದಕ್ಕೆ ಬರವೇನೂ ಇಲ್ಲ.

ಇನ್ನು ಅಸಲು ಶತ್ರುವಿನ ವಿಚಾರ. ಅದರ ಹೆಸರು ನೊರೊವೈರಸ್. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಆ ಊರಿನ ಹೆಸರನ್ನೇ ಜಗತ್ತಿನ ವೈದ್ಯಕೀಯ ಗ್ರಂಥಗಳಿಗೆ ಒಯ್ದಂತೆ, ಈ ವೈರಾಣುವೂ ಒಂದು ಸಣ್ಣ ಊರಿನ ಹೆಸರನ್ನು ಹೊತ್ತು ತಿರುಗುತ್ತಿದೆ. ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಎಂಬಲ್ಲಿ 1968ರಲ್ಲಿ ಶಾಲೆಯೊಂದರ ಮಕ್ಕಳೂ ಶಿಕ್ಷಕರೂ ಒಮ್ಮೆಲೇ ವಾಂತಿ, ಹೊಟ್ಟೆನೋವಿನಿಂದ ಮಲಗಿದರು. ಅವರಿಂದ ಪಡೆದ ಮಾದರಿಯಲ್ಲಿದ್ದ ವೈರಾಣುವನ್ನು 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಮತ್ತು ಅವರ ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಸೋಂಕು ತಗಲಿದ 12ರಿಂದ 48 ಗಂಟೆಗಳಲ್ಲಿ ವಾಂತಿ, ಭೇದಿ, ಹೊಟ್ಟೆನುಲಿತ, ಕೆಲವರಿಗೆ ಸಣ್ಣ ಜ್ವರ ಕಾಣಿಸಿಕೊಳ್ಳುತ್ತವೆ, ಮತ್ತು ಒಂದರಿಂದ ಮೂರು ದಿನಗಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಗಟ್ಟಿಮುಟ್ಟಾದವರಿಗೆ ಇದು ಮೂರು ದಿನದ ಗೋಳು. ವಯಸ್ಸಾದವರಿಗೂ ಎಳೆಯ ಮಕ್ಕಳಿಗೂ ಮೈಯ ನೀರು ಬತ್ತಿ ಅಪಾಯಕ್ಕೆ ಹೋಗಬಹುದು.

ಈ ವೈರಾಣು ಹಡಗಿಗೆ ಇಷ್ಟು ಚೆನ್ನಾಗಿ ಒಗ್ಗಿಕೊಂಡಿರುವುದಕ್ಕೆ ಕಾರಣಗಳಿವೆ. ಸೋಂಕು ತಗಲಲು ಹತ್ತರಿಂದ ನೂರು ಕಣಗಳು ಹೊಟ್ಟೆಗೆ ಹೋದರೂ ಸಾಕು, ಆದರೆ ಕಾಯಿಲೆ ಬಿದ್ದವರ ಮಲದಲ್ಲೂ ವಾಂತಿಯಲ್ಲೂ ಕಣಗಳು ಕೋಟಿ ಕೋಟಿ ಲೆಕ್ಕದಲ್ಲಿರುತ್ತವೆ. ಬಾಗಿಲಿನ ಹಿಡಿ, ಮೇಜು, ಕೈಗಂಬಿಯಂಥ ಕಡೆ ಅವು ದಿನಗಟ್ಟಲೆ ಜೀವ ಹಿಡಿದು ಕೂರಬಲ್ಲವು. ರೋಗಿ ಚೇತರಿಸಿಕೊಂಡು ಊಟದ ಕೋಣೆಗೆ ಮರಳಿದ ನಂತರವೂ ಎರಡು ವಾರ ಅಥವಾ ಇನ್ನೂ ಹೆಚ್ಚು ಕಾಲ ಅವನ ಮಲದಲ್ಲಿ ವೈರಾಣು ಹೊರಬೀಳುತ್ತಿರಬಹುದು. ಇಂಥದ್ದೊಂದು, ಎರಡು ಮೂರು ಸಾವಿರ ಜನ ಒಂದೇ ಮೆಟ್ಟಿಲಿನ ಕೈಗಂಬಿಯನ್ನು, ಒಂದೇ ಲಿಫ್ಟಿನ ಗುಂಡಿಯನ್ನು ವಾರವಿಡೀ ಮುಟ್ಟುವ ಜಾಗಕ್ಕೆ ಬಂದರೆ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ.

ಹಾಗೆಂದು ಹಡಗುಗಳೇ ಈ ಕಾಯಿಲೆಯ ತವರು ಎಂದು ತಿಳಿಯುವುದು ಅನ್ಯಾಯವಾದೀತು. ಅಮೆರಿಕದಲ್ಲಿ ವರದಿಯಾಗುವ ನೊರೊವೈರಸ್ ಪ್ರಕರಣಗಳ ಗುಂಪುಗಳಲ್ಲಿ ಹಡಗಿನವು ನೂರಕ್ಕೆ ಒಂದರಷ್ಟು ಮಾತ್ರ. ಉಳಿದವು ಹೆಚ್ಚಾಗಿ ವೃದ್ಧಾಶ್ರಮ, ಆಸ್ಪತ್ರೆ, ಶಾಲೆ, ಹೋಟೆಲುಗಳವು. ಹಡಗಿನ ಸುದ್ದಿ ಎದ್ದು ಕಾಣುವುದು ಅಲ್ಲಿ ಲೆಕ್ಕ ಇಡುವವರಿರುವುದರಿಂದ. ಅಮೆರಿಕದ ಬಂದರುಗಳನ್ನು ಮುಟ್ಟುವ ಹಡಗುಗಳ ನೈರ್ಮಲ್ಯವನ್ನು ಆ ದೇಶದ ರೋಗ ನಿಯಂತ್ರಣ ಕೇಂದ್ರ 1970ರ ದಶಕದಿಂದಲೂ ತಪಾಸಣೆ ಮಾಡುತ್ತಿದೆ. ಹಡಗಿಗೆ ನೂರಕ್ಕೆ ಇಂತಿಷ್ಟು ಎಂದು ಅಂಕ ಕೊಡುತ್ತಾರೆ. 86 ಬಂದರೆ ಪಾಸು, 85 ಬಂದರೆ ನಪಾಸು. ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ ನೂರಕ್ಕೆ ಮೂರು ಜನರಿಗೆ ವಾಂತಿಭೇದಿ ಕಾಣಿಸಿಕೊಂಡರೆ ಆ ಹಡಗಿನ ಹೆಸರು ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಪ್ರಕಟವಾಗುತ್ತದೆ. ನಮ್ಮ ಕಲ್ಯಾಣ ಮಂಟಪಗಳಲ್ಲಿ ಮದುವೆಯುಂಡು ಮಲಗಿದವರನ್ನು ಹೀಗೆ ಎಣಿಸಿ ಅಂಕ ಕೊಡುವವರಿದ್ದರೆ ಯಾರಿಗೆ ಎಷ್ಟು ಬರುತ್ತಿತ್ತೋ!

ಮದುವೆಯೂಟದ ಮಾತು ತಮಾಷೆಗಾಗಿ ಬಂದದ್ದಾದರೂ, ಹಡಗಿನ ಕಾಯಿಲೆಯನ್ನು ಅರ್ಥ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ತೋಚಿಲ್ಲ. ಪಂಕ್ತಿಯೂಟವನ್ನು ನೆನಪಿಸಿಕೊಳ್ಳಿ. ಕೈ ತೊಳೆದು ಬಂದು ಎಲೆಯ ಮುಂದೆ ಕೂತವರು ಏಳುವವರೆಗೆ ಬೇರೆ ಯಾವುದನ್ನೂ ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಹುಳಿಯ ಸೌಟನ್ನು ಹಿಡಿಯುವ ಕೈ ಒಂದೇ, ಬಡಿಸುವವರದು. ಅವರು ಆ ಪಂಕ್ತಿಯಲ್ಲಿ ಉಣ್ಣುತ್ತಿರುವವರಲ್ಲ. ಊಟದ ನಡುವೆ ಯಾರಾದರೂ ಪಕ್ಕದವರಿಗೆ ಬಡಿಸಬೇಕಾಗಿ ಬಂದರೂ ಎಂಜಲು ಕೈಯಲ್ಲಿ ಸೌಟು ಮುಟ್ಟದೆ ಎಡಗೈಯನ್ನು ಬಳಸುತ್ತಾರೆ. ಎಂಜಲು, ಮುಸುರೆ ಎಂದು ಅಜ್ಜಿಯರು ಗದರುತ್ತಿದ್ದುದರ ಹಿಂದೆ ಮಡಿಯ ಭಾವನೆ ಎಷ್ಟಿತ್ತು, ಅನುಭವದ ತಿಳಿವಳಿಕೆ ಎಷ್ಟಿತ್ತು ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಅದರಲ್ಲಿ ಮನುಷ್ಯರನ್ನು ದೂರವಿಟ್ಟ ಪಾಲೂ ಇತ್ತೆಂಬುದನ್ನು ಮರೆಯಲಾಗದು. ಎಲೆಯ ಮುಂದಿನ ಈ ಕ್ರಮ ಕೈಗೂ ಬಾಯಿಗೂ ನಡುವೆ ಪರರ ಕೈ ಬರದಂತೆ ನೋಡಿಕೊಳ್ಳುತ್ತಿತ್ತು ಎಂಬುದಷ್ಟೇ ಇಲ್ಲಿಗೆ ಬೇಕಾದ ಮಾತು.

ಬಫೆಯಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಸಾಲಿನಲ್ಲಿ ನಿಂತವರೆಲ್ಲ ಒಬ್ಬರಾದ ಮೇಲೊಬ್ಬರು ಅದೇ ಸೌಟಿನ ಹಿಡಿಯನ್ನು, ಅದೇ ರೊಟ್ಟಿಯ ಇಕ್ಕಳವನ್ನು, ಅದೇ ಸಾಸ್ ಬಾಟಲಿಯನ್ನು ಹಿಡಿಯುತ್ತಾರೆ. ಪಶ್ಚಿಮದವರು ಬಫೆ ಮುಗಿಸಿ ಮೇಜಿಗೆ ಬಂದು ಮುಳ್ಳುಚಮಚ ಹಿಡಿಯುತ್ತಾರಾದ್ದರಿಂದ ಅವರ ಕೈಗೂ ಅನ್ನಕ್ಕೂ ನಡುವೆ ಒಂದು ಲೋಹದ ತುಂಡಾದರೂ ಇರುತ್ತದೆ. ನಾವು ಊಟದ ಕೋಣೆಯ ಬಾಗಿಲಲ್ಲೇ ಶ್ರದ್ಧೆಯಿಂದ ಕೈ ತೊಳೆದು, ಆಮೇಲೆ ಇನ್ನೂರು ಜನ ಹಿಡಿದ ಸೌಟನ್ನು ಬಲಗೈಯಲ್ಲೇ ಹಿಡಿದು ಬಡಿಸಿಕೊಂಡು, ಅದೇ ಬಲಗೈಯಲ್ಲಿ ಕಲಸಿ ಉಣ್ಣುತ್ತೇವೆ. ತೊಳೆದ ಪುಣ್ಯವೆಲ್ಲ ಸೌಟಿನ ಹಿಡಿಯಲ್ಲೇ ಕರಗಿಹೋಗುತ್ತದೆ. ಆದ್ದರಿಂದ ಕೈಯಲ್ಲಿ ಉಣ್ಣುವವರು ಪಾಲಿಸಬೇಕಾದ ಕ್ರಮ ಹೀಗಿರಬೇಕು: ಬರುವಾಗ ತೊಳೆದುಕೊಳ್ಳಿ, ಬಡಿಸಿಕೊಂಡು ತಟ್ಟೆಯನ್ನು ಮೇಜಿನ ಮೇಲಿಟ್ಟು ಇನ್ನೊಮ್ಮೆ ತೊಳೆದುಕೊಳ್ಳಿ, ಆಮೇಲೆ ತುತ್ತು ಎತ್ತಿ. ಎರಡನೆಯ ಸಲ ಬಡಿಸಿಕೊಳ್ಳಲು ಎದ್ದರೆ ಸೌಟಿಗೆ ಎಡಗೈ. ಊಟದ ಮೇಜಿನಲ್ಲಿ ಫೋನು ತೆಗೆದು ಫೋಟೊ ತೋರಿಸುವ ಅಭ್ಯಾಸವನ್ನೂ ಕೈ ತೊಳೆಯುವ ತನಕ ಮುಂದೂಡುವುದು ಒಳ್ಳೆಯದು, ಏಕೆಂದರೆ ದಿನವಿಡೀ ಎಲ್ಲೆಂದರಲ್ಲಿ ಇಟ್ಟು ಎತ್ತಿದ ಫೋನನ್ನು ಯಾರೂ ಸೋಪು ಹಚ್ಚಿ ತೊಳೆಯುವುದಿಲ್ಲ. ಹೆಚ್ಚಿನ ಹಡಗುಗಳಲ್ಲಿ ಬಫೆಯ ಜೊತೆಗೆ, ಕೂತಲ್ಲಿಗೇ ತಂದು ಬಡಿಸುವ ಊಟದ ಕೋಣೆಯೂ ಇರುತ್ತದೆ. ನನ್ನನ್ನು ಕೇಳಿದರೆ ಅದೇ ಲೇಸು. ವಾಂತಿಭೇದಿ ಹಬ್ಬಿದ ಹಡಗಿನಲ್ಲಿ ಸಿಬ್ಬಂದಿ ಮಾಡುವ ಮೊದಲ ಕೆಲಸಗಳಲ್ಲೊಂದು, ಬಫೆಯ ಸೌಟುಗಳನ್ನು ಪ್ರಯಾಣಿಕರ ಕೈಯಿಂದ ತೆಗೆದುಕೊಂಡು ತಾವೇ ಬಡಿಸಲು ನಿಲ್ಲುವುದು.

ತೊಳೆಯುವುದು ಎಂದಾಗ ಸೋಪು ಮತ್ತು ನೀರು ಎಂದೇ ಅರ್ಥ. ನನ್ನ ಅಕ್ಕ, ಭಾವ ಹೊರಟಾಗ ಕೈಚೀಲದಲ್ಲಿ ಐದು ಬಾಟಲಿ ಸ್ಯಾನಿಟೈಸರ್ ತುಂಬಿಕೊಂಡಿದ್ದರು, ಕೋವಿಡ್ ಕಾಲದಲ್ಲಿ ಅಂಟಿದ ನಂಬಿಕೆ ಅದು. ಕೊರೊನಾ ವೈರಾಣುವಿನ ಹೊರಮೈಗೆ ಕೊಬ್ಬಿನ ಒಂದು ಹೊದಿಕೆಯಿದೆ, ಆಲ್ಕೊಹಾಲ್ ಅದನ್ನು ಕರಗಿಸಿ ವೈರಾಣುವನ್ನು ಕೆಡಿಸುತ್ತದೆ. ನೊರೊವೈರಸ್ಸಿಗೆ ಅಂಥ ಹೊದಿಕೆಯೇ ಇಲ್ಲ. ಅದರ ಮೈಮೇಲಿರುವುದು ಪ್ರೋಟೀನಿನ ಗಟ್ಟಿ ಚಿಪ್ಪು, ಅದರ ಮೇಲೆ ಆಲ್ಕೊಹಾಲಿನ ಆಟ ಅಷ್ಟಾಗಿ ನಡೆಯದು. ಸೋಪು ಕೂಡ ಅದನ್ನು ಕೊಲ್ಲುತ್ತದೆಂದಲ್ಲ. ಚರ್ಮಕ್ಕೆ ಅಂಟಿಕೊಂಡದ್ದನ್ನು ಸೋಪಿನ ನೊರೆ ಎಬ್ಬಿಸುತ್ತದೆ, ಉಜ್ಜುವ ಕೈ ಬಿಡಿಸುತ್ತದೆ, ಹರಿಯುವ ನೀರು ಬಚ್ಚಲಿಗೆ ಒಯ್ಯುತ್ತದೆ. ಇಪ್ಪತ್ತು ಸೆಕೆಂಡು ಉಜ್ಜಬೇಕು ಎನ್ನುವುದು ಈ ಕಾರಣಕ್ಕೆ, ಮತ್ತು ಹೆಬ್ಬೆರಳು, ಬೆರಳ ಸಂದು, ಉಗುರಿನ ತುದಿ ಬಿಟ್ಟುಹೋಗದಂತೆ ಎನ್ನುವುದೂ ಈ ಕಾರಣಕ್ಕೆ. ಊಟದ ಕೋಣೆಯ ಬಾಗಿಲಲ್ಲಿ ಸ್ಯಾನಿಟೈಸರ್ ಹಿಡಿದು ನಿಂತವರು ಕೊಟ್ಟರೆ ಬೇಡವೆನ್ನಬೇಕಾಗಿಲ್ಲ. ಬೇರೆ ಕ್ರಿಮಿಗಳಿಗೆ ಅದು ಆದೀತು, ಆದರೆ ತೊಳೆಯುವ ಕೆಲಸ ಮುಗಿಯಿತೆಂದು ತಿಳಿಯಬಾರದು. ನೆಲ, ಮೇಜುಗಳಿಗಾದರೆ ಕ್ಲೋರಿನ್ ದ್ರಾವಣವೇ ಬೇಕು. ಶೌಚಕ್ಕೆ ಸಾರ್ವಜನಿಕ ಶೌಚಾಲಯಕ್ಕಿಂತ ಸ್ವಂತ ಕೋಣೆಯದನ್ನು ಬಳಸುವುದು ಮೇಲು. ಮೆಟ್ಟಿಲಿನ ಕೈಗಂಬಿಯನ್ನು ಮಾತ್ರ ವಯಸ್ಸಾದವರು ಸೋಂಕಿನ ಭಯಕ್ಕೆ ಬಿಡಬಾರದು, ಓಲಾಡುವ ಹಡಗಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವುದು ವಾಂತಿಭೇದಿಗಿಂತ ದೊಡ್ಡ ಆಪತ್ತು.

ಯಾರಾದರೂ ಕಣ್ಣೆದುರಿಗೇ ವಾಂತಿ ಮಾಡಿಕೊಂಡರೆ ಸಹಾಯಕ್ಕೆ ನುಗ್ಗುವುದು ನಮ್ಮ ಸ್ವಭಾವ. ಇಲ್ಲಿ ಸ್ವಲ್ಪ ತಡೆಯಬೇಕು. ವಾಂತಿಯ ರಭಸಕ್ಕೆ ಸಣ್ಣ ಹನಿಗಳು ಗಾಳಿಯಲ್ಲಿ ಹಾರಿ ಸುತ್ತಲ ಮೇಜು, ಕುರ್ಚಿ, ತಟ್ಟೆಗಳ ಮೇಲೆ ಕೂರುತ್ತವೆ. ಸಿಬ್ಬಂದಿಯನ್ನು ಕರೆದು, ದೂರ ಸರಿದು, ಅಲ್ಲಿ ತೆರೆದಿದ್ದ ಆಹಾರವನ್ನು ಬಿಟ್ಟು ಏಳುವುದು ಸರಿಯಾದ ದಾರಿ.

ತಮಗೇ ಬಂದಾಗ ಬಚ್ಚಿಡುವುದು ಇನ್ನೊಂದು ತೊಡಕು. ವೈದ್ಯರಿಗೆ ತಿಳಿಸಿದರೆ ಕೋಣೆಯಲ್ಲಿ ಕೂಡಿಹಾಕುತ್ತಾರೆ, ಲಕ್ಷಗಟ್ಟಲೆ ಹಣ ಕೊಟ್ಟು ಬಂದು ನಾಲ್ಕು ಗೋಡೆ ನೋಡಬೇಕಾಗುತ್ತದೆ ಎಂಬ ಭಯದಿಂದ ಎಷ್ಟೋ ಜನ ‘ಅಲೆಗೆ ಸ್ವಲ್ಪ ಹೊಟ್ಟೆ ತೊಳಸಿತು’ ಎಂದು ಹೇಳಿಕೊಂಡು ಓಡಾಡುತ್ತಾರೆ. ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ: ಅಲೆಯ ಕಾಯಿಲೆಯಲ್ಲಿ ಭೇದಿಯಾಗುವುದಿಲ್ಲ, ಜ್ವರ ಬರುವುದಿಲ್ಲ, ಮತ್ತು ಹಡಗು ಬಂದರಿನಲ್ಲಿ ಅಲುಗದೆ ನಿಂತ ಮೇಲೂ ವಾಂತಿ ಮುಂದುವರಿಯುವುದು ವಿರಳ. ಸಂಶಯವಿದ್ದರೆ ತಿಳಿಸಲೇಬೇಕು. ಲಕ್ಷಣಗಳೆಲ್ಲ ನಿಂತ ಮೇಲೂ ಪ್ರಯಾಣಿಕರು ಕನಿಷ್ಠ 24 ಗಂಟೆ ಕೋಣೆಯಲ್ಲೇ ಇರಬೇಕು. ಅಡುಗೆ ಮತ್ತು ಬಡಿಸುವ ಸಿಬ್ಬಂದಿಗೆ ಈ ಅವಧಿ 48 ಗಂಟೆ. ಎರಡು ದಿನದ ವಿಹಾರ ಕಳೆದುಕೊಳ್ಳುವುದು ಬೇಸರದ ಸಂಗತಿಯೇ, ಆದರೆ ನಾವು ಮುಟ್ಟಿದ ಸೌಟನ್ನು ನಮ್ಮ ಜೊತೆ ಬಂದ ಅತ್ತೆ ಮಾವಂದಿರೇ ಮುಂದೆ ಹಿಡಿಯುವವರು.

ಕೋಣೆಯಲ್ಲಿ ಮಲಗಿದವರಿಗೆ ಬೇಕಾದದ್ದು ಮುಖ್ಯವಾಗಿ ನೀರು ಮತ್ತು ಉಪ್ಪು. ನೊರೊವೈರಸ್ಸನ್ನು ಕೊಲ್ಲುವ ಮಾತ್ರೆ ಇಲ್ಲ, ಆಂಟಿಬಯೊಟಿಕ್ ಇದಕ್ಕೆ ಕೆಲಸ ಮಾಡುವುದಿಲ್ಲ. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನು ಮುಗಿದುಹೋದಾಗ ವೈದ್ಯ ದಿಲೀಪ್ ಮಹಲನಬೀಸರು ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಕುಡಿಸಿಯೇ ಸಾವಿರಾರು ಜೀವ ಉಳಿಸಿದರು. ಇಂದಿನ ಓಆರ್‌ಎಸ್ ಪೊಟ್ಟಣ ಅದೇ ತತ್ವದ್ದು. ಮೂರು ನಾಲ್ಕು ಪೊಟ್ಟಣಗಳನ್ನು ಶಿವಮೊಗ್ಗದ ಔಷಧದಂಗಡಿಯಲ್ಲೇ ಕೊಂಡು ಇಟ್ಟುಕೊಳ್ಳಬೇಕು, ಮತ್ತು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಬೇಕು. ಅದಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಾಗುತ್ತಿದ್ದರೆ ಗಟಗಟನೆ ಕುಡಿಯದೆ ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕುಡಿಯುತ್ತ ಹೋಗಬೇಕು. ಮೂತ್ರ ಕಡಿಮೆಯಾಗುವುದು, ಎದ್ದು ನಿಂತರೆ ತಲೆ ಸುತ್ತುವುದು, ಮಲದಲ್ಲಿ ರಕ್ತ ಕಾಣುವುದು, ಮಾತು ತೊದಲುವಷ್ಟು ನಿಶ್ಶಕ್ತಿ, ಇವುಗಳಲ್ಲಿ ಯಾವುದಾದರೂ ಬಂದರೆ ಹಡಗಿನ ವೈದ್ಯರನ್ನು ಕೂಡಲೇ ಕಾಣಬೇಕು. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಇಂಥ ದಿನಗಳಲ್ಲಿ ಅದನ್ನು ಏನು ಮಾಡಬೇಕೆಂದು ಹೊರಡುವ ಮುಂಚೆಯೇ ತಮ್ಮ ವೈದ್ಯರಿಂದ ಕೇಳಿ ಬರೆಸಿಕೊಂಡಿರುವುದು ಜಾಣತನ.

ಉಸಿರಿನಿಂದ ಹರಡುವ ಕಾಯಿಲೆಗಳ ವಿಷಯದಲ್ಲಿ ಜಗತ್ತು 2020ರಲ್ಲಿ ಪಾಠ ಕಲಿಯಿತು. ಆ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮ ಬಂದರಿನಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿದ್ದ 3,711 ಜನರ ಪೈಕಿ 712 ಮಂದಿಗೆ ಕೋವಿಡ್ ತಗಲಿತು. ಈಗ ಅಂಥ ಭೀತಿಯಿಲ್ಲ. ಆದರೂ ಫ್ಲೂ, ಕೋವಿಡ್, ಸಾಮಾನ್ಯ ಶೀತಕ್ಕೆ ಮುಚ್ಚಿದ ನಾಟಕಶಾಲೆಯೂ ಕಿಕ್ಕಿರಿದ ಲಿಫ್ಟೂ ಅನುಕೂಲದ ಜಾಗಗಳೇ. ಫ್ಲೂ ಲಸಿಕೆಯನ್ನು ಹೊರಡುವ ಎರಡು ವಾರ ಮೊದಲೇ ಹಾಕಿಸಿಕೊಂಡರೆ ಮೈಗೆ ಶಕ್ತಿ ಬರಲು ಸಮಯ ಸಿಗುತ್ತದೆ. ತೆರೆದ ಡೆಕ್ಕಿನ ಗಾಳಿ ಎಲ್ಲಕ್ಕಿಂತ ಅಗ್ಗದ ಔಷಧ, ಹಡಗಿಗೆ ಹೋಗಿಯೂ ಅದನ್ನು ಬಿಟ್ಟು ಒಳಗೇ ಕೂರುವವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ.

ಬಿಸಿನೀರಿನ ಗುಳ್ಳೆತೊಟ್ಟಿಯ (ಜಕೂಜಿಯ) ಬಗ್ಗೆ ಒಂದು ಮಾತು ಹೇಳಬೇಕು. ಲೀಜನೆಲ್ಲ ಎಂಬ ಬ್ಯಾಕ್ಟೀರಿಯ ಬೆಚ್ಚನೆಯ ನೀರಿನಲ್ಲಿ ಬೆಳೆಯುತ್ತದೆ, ಹಬೆಯ ಸಣ್ಣ ಹನಿಗಳ ಮೂಲಕ ಶ್ವಾಸಕೋಶ ಸೇರಿ ನ್ಯೂಮೋನಿಯ ತರುತ್ತದೆ. 1976ರಲ್ಲಿ ಫಿಲಡೆಲ್ಫಿಯದ ಹೋಟೆಲೊಂದರಲ್ಲಿ ನಡೆದ ಮಾಜಿ ಸೈನಿಕರ ಸಮಾವೇಶದಲ್ಲಿ ಮೊದಲ ಬಾರಿಗೆ ಗುರುತಿಗೆ ಬಂದ ಈ ಕಾಯಿಲೆ 1994ರಲ್ಲಿ ವಿಹಾರದ ಹಡಗೊಂದರ ಗುಳ್ಳೆತೊಟ್ಟಿಯಿಂದಲೂ ಹರಡಿತ್ತು. ಶುದ್ಧೀಕರಣ ಸರಿಯಿದ್ದರೆ ಅಪಾಯ ಕಡಿಮೆ. ಆದರೂ ಐವತ್ತು ದಾಟಿದವರು, ಧೂಮಪಾನಿಗಳು, ಶ್ವಾಸಕೋಶದ ತೊಂದರೆಯವರು ಆ ತೊಟ್ಟಿಯಿಂದ ದೂರ ಇದ್ದರೆ ಕಳೆದುಕೊಳ್ಳುವುದೇನಿಲ್ಲ. ಹಿತ್ತಲ ಬಚ್ಚಲಿನ ಹಂಡೆಯ ನೀರಿನ ಸುಖ ಕಂಡವರಿಗೆ ಅದು ಅಷ್ಟೇನೂ ದೊಡ್ಡ ಆಕರ್ಷಣೆಯೂ ಅಲ್ಲ.

ಹಡಗಿನ ಕುಡಿಯುವ ನೀರಿಗೆ ಸಾಮಾನ್ಯವಾಗಿ ಕ್ಲೋರಿನ್ ಬೆರೆಸಿರುತ್ತಾರಾದ್ದರಿಂದ, ಅದಕ್ಕಿಂತ ದಡಕ್ಕಿಳಿದಾಗಿನ ಎಳನೀರಂಗಡಿಯ ಮಂಜುಗಡ್ಡೆ, ಹೆಚ್ಚಿಟ್ಟ ಹಣ್ಣು, ಅರೆಬೆಂದ ಸಿಗಡಿಗಳ ಮೇಲೆ ಕಣ್ಣಿಡಬೇಕು. ದಾರಿ ಆಫ್ರಿಕ ಅಥವಾ ದಕ್ಷಿಣ ಅಮೆರಿಕದ ಹಳದಿ ಜ್ವರದ ದೇಶಗಳ ಮೂಲಕ ಹಾದುಹೋಗುವುದಾದರೆ ಆ ಲಸಿಕೆಯನ್ನು ಗೊತ್ತುಪಡಿಸಿದ ಕೇಂದ್ರದಲ್ಲಿ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ ಮರಳಿ ಭಾರತಕ್ಕೆ ಬಂದಾಗ ಆರು ದಿನ ಪ್ರತ್ಯೇಕವಾಗಿ ಇರಿಸುತ್ತಾರೆ. ದಿನನಿತ್ಯದ ಮಾತ್ರೆ, ಇನ್ಸುಲಿನ್‌ಗಳನ್ನು ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ಬಂದರಿನಲ್ಲಿ ಒಪ್ಪಿಸಿದ ಪೆಟ್ಟಿಗೆ ಕೋಣೆ ಸೇರಲು ಹಲವು ಗಂಟೆಗಳು ಬೇಕಾಗುತ್ತವೆ. ಹಡಗಿನಲ್ಲಿ ವೈದ್ಯರೂ ದಾದಿಯರೂ ಇರುತ್ತಾರಾದರೂ ಅದು ಪೂರ್ಣ ಆಸ್ಪತ್ರೆಯಲ್ಲ, ಗಂಭೀರ ರೋಗಿಯನ್ನು ದಡಕ್ಕೆ ಸಾಗಿಸಬೇಕಾಗುತ್ತದೆ. ಆ ಸಾಗಾಟದ ವೆಚ್ಚ ವಿಮೆಯಲ್ಲಿ ಸೇರಿದೆಯೇ ಎಂದು ಹಣ ಕಟ್ಟುವ ಮೊದಲೇ ಓದಿ ನೋಡಬೇಕು.

ಮಲೆನಾಡಿನವರಿಗೆ ಮಾತ್ರ ಅನ್ವಯಿಸುವ ಒಂದು ವಿಷಯ ಉಳಿದಿದೆ. ಅಡಿಕೆ ಕೊಯ್ಲು ಮುಗಿಸಿ ಜನ ಪ್ರವಾಸ ಹೊರಡುವ ಬೇಸಗೆಯ ಆರಂಭವೇ ಮಂಗನ ಕಾಯಿಲೆಯ ಕಾಲವೂ ಹೌದು. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುತ್ತದೆಯಾದ್ದರಿಂದ, ದರಗು ತರಲು ಸೋಮವಾರ ಕಾಡಿಗೆ ಹೋಗಿ ಬಂದವರಿಗೆ ಶನಿವಾರ ನಡುಸಮುದ್ರದಲ್ಲಿ ಜ್ವರ, ತಲೆನೋವು, ಮೈಕೈನೋವು ಶುರುವಾಗಬಹುದು. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆದರೆ ಬೇರೆ ದೇಶದಲ್ಲಿ ಓದಿದ ಹಡಗಿನ ವೈದ್ಯರಿಗೆ ಅದರ ನೆನಪು ತಾನಾಗಿ ಬರುವ ಸಂಭವ ಕಡಿಮೆ. ಊರಿನ ಹೆಸರು, ಕಾಡಿಗೆ ಹೋದ ದಿನ, ಉಣುಗು ಕಚ್ಚಿದ ಗುರುತು ಮೂರನ್ನೂ ರೋಗಿಯೇ ಹೇಳಬೇಕು. ಮರಳಿ ಬಂದ ಮೇಲೆ ಇದೇ ಮಾತು ಇನ್ನೊಂದು ದಿಕ್ಕಿನಿಂದ ಅನ್ವಯಿಸುತ್ತದೆ. ಲೀಜನೆಲ್ಲದ ನ್ಯೂಮೋನಿಯ ಎರಡರಿಂದ ಹದಿನಾಲ್ಕು ದಿನ ತಡವಾಗಿ ತಲೆದೋರಬಹುದು. ಊರಿಗೆ ಬಂದ ವಾರದ ಮೇಲೆ ಜ್ವರ, ಕೆಮ್ಮು ಬಂದು ತೀರ್ಥಹಳ್ಳಿಯ ದವಾಖಾನೆಗೆ ಹೋದರೆ ಅಲ್ಲಿನ ವೈದ್ಯರು ಸಹಜವಾಗಿಯೇ ಡೆಂಗಿ, ಇಲಿಜ್ವರ, ಮಂಗನ ಕಾಯಿಲೆಗಳನ್ನು ಮೊದಲು ಯೋಚಿಸುತ್ತಾರೆ. ಹಡಗಿನಲ್ಲಿ ಹೋಗಿ ಬಂದೆವು, ಇಂತಿಂಥ ತಾರೀಕಿನಲ್ಲಿ, ಗುಳ್ಳೆತೊಟ್ಟಿಯಲ್ಲಿ ಕೂತಿದ್ದೆವು ಎಂದು ಅವರು ಕೇಳುವ ಮೊದಲೇ ಹೇಳಿಬಿಡಬೇಕು.